ಸಿಲ್ಚರ್ ಸ್ಟೇಷನ್ ಹತ್ರ

ಇವತ್ತು ಮೇ 19. ಬೆಳಿಗ್ಗೆ ಅಸ್ಸಾಂನ ಸಿಲ್ಚರ್ ರೈಲ್ವೆ ಸ್ಟೇಷನ್ ಹತ್ರ ಹೋಗಿದ್ದೆ, ಒಬ್ಬ ಅಜ್ಜ ಮೊಮ್ಮಗಳನ್ನ ಎತ್ತಿ ಹಿಡಿದು ಅವಳ ಕೈಯಿಂದ ಹುತಾತ್ಮರ ಫೋಟೋಗೆ ಹೂ ಹಾಕಿಸ್ತಾ ಇದ್ರು. ಕಮಲಾ ಭಟ್ಟಾಚಾರ್ಯ ಫೋಟೋ ಅದು. 16 ವರ್ಷದ ಹುಡುಗಿ, ಆಗಷ್ಟೇ ಮೆಟ್ರಿಕ್ ಪರೀಕ್ಷೆ ಬರೆದು ಮುಗಿಸಿದ್ಲು.

1960ರಲ್ಲಿ ಅಸ್ಸಾಂ ಸರ್ಕಾರ ಅಸ್ಸಾಮಿ ಒಂದನ್ನೇ ಆಡಳಿತ ಭಾಷೆ ಮಾಡ್ತು, ಸಿಲ್ಚರ್ ಇರೋ ಬರಾಕ್ ಕಣಿವೆಯಲ್ಲಿ ಮನೆಮನೆಯಲ್ಲೂ ಬಂಗಾಳಿ, ಜನ ಸುಮ್ನಿರಲಿಲ್ಲ. 1961ರಲ್ಲಿ ಇದೇ ದಿನ ಇದೇ ಸ್ಟೇಷನ್‌ನಲ್ಲಿ ರೈಲು ತಡೆದು ಸತ್ಯಾಗ್ರಹಕ್ಕೆ ಕೂತ್ರು, ಮಧ್ಯಾಹ್ನ ಪೊಲೀಸರು ಗುಂಡು ಹಾರಿಸಿದ್ರು. ಸತ್ತೋರು 11 ಜನ, ಅವರಲ್ಲಿ ಹೆಣ್ಣುಮಗಳು ಅಂತ ಇದ್ದಿದ್ದು ಕಮಲಾ ಒಬ್ಬಳೇ. ಆಮೇಲೆ ರಿಸಲ್ಟ್ ಬಂತು, ಪಾಸಾಗಿದ್ಲು. ಇದೊಂದು ಬೆಳಿಗ್ಗೆಯಿಂದ ತಲೆಯಿಂದ ಹೋಗ್ತಾನೇ ಇಲ್ಲ. ಆ ಮಾರ್ಕ್ಸ್ ಕಾರ್ಡ್ ಮನೆಗೆ ಬಂದಾಗ ಅವ್ರಮ್ಮ ಅದನ್ನ ಹೇಗೆ ಕೈಯಲ್ಲಿ ಹಿಡಿದಿರಬೇಕು...

ಕೊನೆಗೆ ಸರ್ಕಾರ ಬಗ್ಗಿತು, ಈ ಕಣಿವೆಯಲ್ಲಿ ಬಂಗಾಳಿ ಇವತ್ತಿಗೂ ಆಡಳಿತ ಭಾಷೆ.

ಬಂಗಾಳಿ ಭಾಷೆಗಾಗಿ ಜನ ಪ್ರಾಣ ಕೊಟ್ಟ ಢಾಕಾದ 1952ರ ಫೆಬ್ರವರಿ 21 ನಮಗೆಲ್ಲ ಗೊತ್ತು, ಯುನೆಸ್ಕೋ ಅದನ್ನ ತಾಯ್ನುಡಿ ದಿನ ಮಾಡಿದೆ, ನಾವೂ ಸ್ಟೇಟಸ್ ಹಾಕ್ತೀವಿ. ಆದ್ರೆ ನಮ್ಮ ದೇಶದೊಳಗೇ ಇರೋ ಸಿಲ್ಚರ್ ಹೆಸರು ನಮ್ಮ ಪಾಠದ ಪುಸ್ತಕದಲ್ಲಿ ನೋಡಿದ ನೆನಪೇ ನನಗಿಲ್ಲ. ಗೋಕಾಕ್ ಚಳವಳಿ ಕಥೆ ಕೇಳಿ ಬೆಳೆದ ನಮಗೆ ಈ ಊರು ಇಷ್ಟು ದೂರ ಅನ್ನಿಸಬಾರದಿತ್ತು ಕಣ್ರೋ.

ಬರಾಕ್ ಕಣಿವೆ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರೆದಿದ್ರೆ ದಯವಿಟ್ಟು ಹೇಳಿ, ಓದಬೇಕು.