ಬಫಲೋ ಹಿಮ, ತೀರ್ಥಹಳ್ಳಿ ಅಡಿಕೆ

ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿದೆ ಅಂದ್ರೆ ಮಲಗೋ ಮುಂಚೆ ಮೊಬೈಲಿನಲ್ಲಿ ಇನ್ಸಾಟ್ ಉಪಗ್ರಹದ ಮೋಡದ ಚಿತ್ರ ನೋಡಲೇಬೇಕು. ಇವತ್ತು ತೀರ್ಥಹಳ್ಳಿ ಮೇಲೆ ಒಂದು ಚೂರೂ ಮೋಡ ಇಲ್ಲ. ಸುಮ್ನೆ ಅಮೆರಿಕದ ಗೋಸ್ ಉಪಗ್ರಹದ ಚಿತ್ರ ತೆಗೆದೆ. ಅಲ್ಲಿ ಈಗ ಬೆಳಿಗ್ಗೆ.

ಈರಿ, ಒಂಟಾರಿಯೋ ಸರೋವರಗಳ ಮೇಲೆ ಮೋಡ ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲುಸಾಲು. ಕೆನಡಾ ಕಡೆಯ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು, ಕಾವು, ತೇವ ಎರಡನ್ನೂ ಎತ್ತಿಕೊಳ್ಳುತ್ತದೆ. ಗಾಳಿ ಬರುವ ದಡದಲ್ಲಿ ಆಕಾಶ ಖಾಲಿ. ಒಂದಷ್ಟು ದೂರ ಹೋದ ಮೇಲೆ ಮೋಡ ಶುರು, ಆಚೆ ದಡದಲ್ಲಿ ಹಿಮ. ಹಿಮ ಬೀಳೋ ಪಟ್ಟಿ ಎಷ್ಟು ಸಪೂರ ಅಂದ್ರೆ, ಒಂದು ಊರು ಹೂತುಹೋದರೂ ಪಕ್ಕದ ಊರಲ್ಲಿ ಬಿಸಿಲು ಇರಬಹುದು. 2022ರ ನವೆಂಬರಿನಲ್ಲಿ ಈರಿ ದಡದ ಬಫಲೋ ನಗರದ ಹತ್ತಿರ, ಆರ್ಚರ್ಡ್ ಪಾರ್ಕ್ ಅನ್ನೋ ಊರಿನಲ್ಲಿ 6 ಅಡಿಗೂ ಜಾಸ್ತಿ ಬಿದ್ದಿತ್ತು.

ಬೆಳ್ಳಗಿರೋದೆಲ್ಲ ಮೋಡವೂ ಅಲ್ಲ. ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ ಮೋಡ ಸರಿಯುತ್ತದೆ, ನೆಲದ ಹಿಮ ಅಲ್ಲೇ ಇರುತ್ತದೆ.

ಆಗುಂಬೆಗೆ ಅರಬ್ಬೀ ಸಮುದ್ರ ಇದ್ದ ಹಾಗೆ ಬಫಲೋಗೆ ಈರಿ, ಅಲ್ವಾ? ನಮ್ಮಲ್ಲಿ ಗಾಳಿಯನ್ನು ಮೇಲೆತ್ತುವ ಕೆಲಸ ಘಟ್ಟದ್ದು, ಅಷ್ಟೇ. ಆದರೆ ಈರಿಗೆ ಆಳ ಕಡಿಮೆ. ಚಳಿ ಜೋರಾಗಿ ಮೇಲೆಲ್ಲ ಹೆಪ್ಪುಗಟ್ಟಿದರೆ ಹಿಮದ ಕಾಟವೂ ಇಳಿಯುತ್ತದೆ. ನಮ್ಮ ಸಮುದ್ರ ಜುಲೈನಲ್ಲಿ ಬೇಡಿಕೊಂಡರೂ ರಜೆ ಕೊಡಲ್ಲ!