ಮೇವಿನ ಕೆಳಗೆ ಹತ್ತು ಫರ್ಸಿ

2025ರ ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ ಆರೂವರೆಗೆ ನಮ್ಮ ಶೋರೂಮ್ ಹಿಂದಿನ ಯಾರ್ಡ್‌ನಲ್ಲಿ ನಿಂತಿದ್ದೆ. ಎದುರಿಗೆ ಹನ್ನೊಂದು ಹೊಸ ಗಾಡಿ ಸಾಲಾಗಿ ನಿಂತಿದ್ದವು. ಇನ್ನು ಮೂರು ದಿನಕ್ಕೆ ಆಯುಧಪೂಜೆ.

ಲಾರಿ ಮಾರೋ ನಮಗೆ ಆ ವಾರ ಎಂಥದ್ದಾಗಿತ್ತು ಅಂತ ಮೊದಲು ಹೇಳಬೇಕು. ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿಗಳು ಜಿಎಸ್‌ಟಿ ಇಳಿಸುವ ಮಾತು ಹೇಳಿದ ದಿನದಿಂದ ಗಿರಾಕಿಗಳು ಕೈ ಕಟ್ಟಿ ಕೂತಿದ್ದರು. ಬುಕಿಂಗ್ ಮಾಡುತ್ತಾರೆ, ಡೆಲಿವರಿ ಮಾತ್ರ ಈಗ ಬೇಡ ಅನ್ನುತ್ತಾರೆ. ಅವರದ್ದೇನು ತಪ್ಪು? ಸೆಪ್ಟೆಂಬರ್ 22ಕ್ಕೆ ಲಾರಿ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 30 ಲಕ್ಷ ಬೆಲೆಯ ಗಾಡಿಗೆ 3 ಲಕ್ಷ ಉಳಿಯುತ್ತೆ, ಯಾರು ತಾನೇ ಕಾಯೋದಿಲ್ಲ? ಐದು ವಾರ ವ್ಯಾಪಾರ ಇಲ್ಲ, ಬಡ್ಡಿ ಮಾತ್ರ ಓಡುತ್ತಿತ್ತು. ಎಲ್ಲಾ ಡೆಲಿವರಿ ಹಬ್ಬಕ್ಕೇ ಬಂದು ನಿಂತಿತ್ತು. ಹೂವಿನ ಹಾರಕ್ಕೂ ಹೇಳಿಯಾಗಿತ್ತು.

ಅಷ್ಟರಲ್ಲಿ ನಮ್ಮ ಹೊಳೆ ಭೀಮೆ ಉಕ್ಕಿ ಬಂದಳು. ಇಲ್ಲಿ ನಮ್ಮ ಕಲಬುರಗಿ ಕಡೆಯೂ ಮಳೆ, ಮೇಲೆ ಮಹಾರಾಷ್ಟ್ರದಲ್ಲೂ ಮಳೆ, ಅಲ್ಲಿನ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು ಬೇರೆ. ಜೇವರ್ಗಿ ಕಡೆ ಹೋಗೋ ಹೆದ್ದಾರಿಯಲ್ಲಿ ಸೇತುವೆ ಹತ್ತಿರ ನೀರು ಬಂದು ಸಂಚಾರ ನಿಂತಿತ್ತು. ಶನಿವಾರ ರಾತ್ರಿ ಅಫಜಲಪುರ ತಾಲ್ಲೂಕಿನ ಹೊಳೆ ದಂಡೆಯ ಊರಿಂದ ಒಬ್ಬ ಗಿರಾಕಿ ಫೋನ್ ಮಾಡಿದ. ಹನ್ನೊಂದರಲ್ಲಿ ಒಂದು ಗಾಡಿ ಅವನದ್ದೇ. ನಾನು ಡೆಲಿವರಿ ವಿಷಯ ಅಂದುಕೊಂಡೆ. "ಅಣ್ಣಾರ, ಮನಿಯಾಗ ನೀರ ಬಂದಾದ. ನಾವು ಸಾಲಿಯಾಗ ಇದ್ದೀವಿ. ದನಾ ರೋಡಿನ ಮ್ಯಾಲ ನಿಂತಾವ, ಎರಡು ದಿನ ಆತು ಒಂದು ಎಸಳ ಮೇವಿಲ್ಲ" ಅಂದ. ಊಟದ ಮಾತೇ ಎತ್ತಲಿಲ್ಲ.

ನಮ್ಮ ಓಣಿಯಲ್ಲಿ ನಾವೊಂದಿಷ್ಟು ಜನ ಸೇರಿ ಇಂಥ ಕೆಲಸ ಮಾಡ್ತೀವಿ. ದೊಡ್ಡ ಸಂಘ ಏನಲ್ಲ. ಅಪ್ಪನ ಕಾಲದಿಂದ ಬೇಸಿಗೆಯಲ್ಲಿ ಶೋರೂಮ್ ಗೇಟಿಗೆ ಅರವಟ್ಟಿಗೆ ಇಡ್ತೀವಿ, ಜನವರಿಯಲ್ಲಿ ಡ್ರೈವರ್‌ಗಳ ಕಣ್ಣು ತಪಾಸಣೆ ಮಾಡಿಸ್ತೀವಿ (ನಲವತ್ತು ದಾಟಿದ ಎಷ್ಟೋ ಜನ ಕನ್ನಡಕ ಇಲ್ಲದೆ ರಾತ್ರಿ ಗಾಡಿ ಓಡಿಸ್ತಾರೆ, ಅದು ನನಗೆ ನಿಜವಾಗಲೂ ಭಯ). 2020ರ ಅಕ್ಟೋಬರ್ ಪ್ರವಾಹಕ್ಕೂ ಹೋಗಿದ್ದೆವು. ಆಗ ಊರೆಲ್ಲ ಹಳೇ ಬಟ್ಟೆ ಕೂಡಿಸಿ ಎರಡು ಗಾಡಿ ತುಂಬಿಸಿ ಒಯ್ದಿದ್ದೆವು. ಮೂರು ದಿನ ಬಿಟ್ಟು ನೋಡಿದರೆ ಅರ್ಧ ಸೀರೆ ಶಾಲೆ ಗೋಡೆ ಪಕ್ಕ ಕೆಸರಲ್ಲಿ ಬಿದ್ದಿದ್ದವು. ತಗೊಂಡವರದ್ದು ತಪ್ಪಲ್ಲ. ಕೇಳದೆ ಒಯ್ದವರು ನಾವು. ಈ ಸಲ ಮೊದಲೇ ಕೇಳಿದೆವು. ಮೇವು, ತಾಡಪತ್ರಿ, ಕಡಕ್ ರೊಟ್ಟಿ, ಇಷ್ಟೇ ಅಂದರು.

ಈಗ ಗಾಡಿ ಬೇಕು. ಯಾರ್ಡ್ ಮುಂದೆ ಹಾದು ಹೋದವರೆಲ್ಲ ಅದೇ ಕೇಳಿದರು, ಇಷ್ಟು ಗಾಡಿ ನಿಂತಾವಲ್ಲ ಅಂತ. ಹೊಸ ಗಾಡಿ ಹಾಗೆಲ್ಲ ಹೊರಗೆ ಹೋಗೋದಿಲ್ಲ. ಪಾಸಿಂಗ್ (ಆರ್‌ಟಿಒ ನೋಂದಣಿ) ಆಗಿರೋದಿಲ್ಲ, ನಂಬರ್ ಇರೋದಿಲ್ಲ. ನಮ್ಮ ಹತ್ತಿರ ಇರೋ ಟ್ರೇಡ್ ಸರ್ಟಿಫಿಕೇಟ್ ಮೇಲೆ ಟೆಸ್ಟ್‌ಗೆ ಒಯ್ಯಬಹುದು, ಮಾಲು ಹೇರುವಂತಿಲ್ಲ. ಅದೂ ಅಲ್ಲದೆ ಹೆಚ್ಚಿನವು ಬರೀ ಕ್ಯಾಬಿನ್ ಮತ್ತು ಚಾಸಿ (ಅಡಿಯ ಚೌಕಟ್ಟು). ಬಾಡಿ ಕಟ್ಟೋದು ಆಮೇಲೆ. ಮೇವು ಎಲ್ಲಿ ಹಾಕೋದು? ಇಪ್ಪತ್ತೈದು ವರ್ಷದಿಂದ ಗಾಡಿ ಮಾರ್ತಿದ್ದೀನಿ, ಗಾಡಿ ಇಲ್ಲ ಅಂತ ಅವತ್ತಿನಷ್ಟು ಒದ್ದಾಡಿದ್ದು ನೆನಪಿಲ್ಲ.

ಹಳೇ ಗಿರಾಕಿಗಳಿಗೆ ಫೋನ್ ಮಾಡುತ್ತಾ ಹೋದೆ. ನಾಲ್ವರು ಗಾಡಿ ತಗೊಂಡು ಬಂದರು. ಅದರಲ್ಲಿ ಒಬ್ಬ, ಶಹಾಬಾದ್ ಕಡೆ ಫರ್ಸಿ (ನೆಲಕ್ಕೆ ಹಾಸೋ ಚಪ್ಪಡಿ ಕಲ್ಲು) ಸಾಗಿಸುವವನು, ಮೂರು ಕಂತು ಬಾಕಿ ಇದ್ದವನು. ಫೈನಾನ್ಸ್‌ನವರು ಕೇಳಿದ್ದಕ್ಕೆ ಗುರುವಾರವಷ್ಟೇ ನಮ್ಮ ಆಫೀಸಿನ ಹುಡುಗ ಅವನಿಗೆ ಫೋನ್ ಮಾಡಿ ಜೋರಾಗಿ ಮಾತಾಡಿದ್ದ. ಹಾಗಾಗಿ ನಾನು ಅವನಿಗೆ ಕರೆದೇ ಇರಲಿಲ್ಲ. ಬೇರೆಯವರಿಂದ ಗೊತ್ತಾಗಿ ಎಲ್ಲರಿಗಿಂತ ಮುಂಚೆ ಬಂದು ಗೇಟಲ್ಲಿ ನಿಂತಿದ್ದ. ನನಗೆ ಅವನ ಮುಖ ನೋಡೋದಕ್ಕೆ ಆಗಲಿಲ್ಲ.

ಮೇವು ಸಿಕ್ಕಿದ್ದು ಆಳಂದ ಕಡೆ. ಹೊಳೆಯಿಂದ ದೂರದ ಎತ್ತರದ ಊರುಗಳು. ಕಳೆದ ಹಿಂಗಾರಿನ ಜೋಳದ ಕಣಕಿ (ಒಣಗಿದ ದಂಟು) ಬಣವೆಗಳಲ್ಲಿ ಇನ್ನೂ ಉಳಿದಿತ್ತು. ಮಳೆಗೆ ಮೇಲಿನ ಪದರ ಕಪ್ಪಾಗಿ ಕೊಳೆತಿತ್ತು, ಅದನ್ನ ತೆಗೆದರೆ ಒಳಗೆ ಒಣಗಿದ ಕಣಕಿ. ಊರವರು ದುಡ್ಡು ಮುಟ್ಟಲಿಲ್ಲ. ಹೆಂಗಸರು, ಮಕ್ಕಳು ಎಲ್ಲಾ ಸೇರಿ ಸಿವುಡು (ಮೇವಿನ ಕಟ್ಟು) ಎತ್ತಿ ಕೊಟ್ಟರು.

ಮೇವು ಹೇರೋದು ಸುಲಭ ಅಲ್ಲ. ತೂಕ ಇರೋದಿಲ್ಲ, ಎತ್ತರ ಜಾಸ್ತಿ. ಹಗ್ಗ ಸರಿಯಾಗಿ ಬಿಗಿಯದಿದ್ದರೆ ತಿರುವಲ್ಲಿ ವಾಲುತ್ತೆ, ಕರೆಂಟ್ ವೈರಿಗೆ ತಾಗುತ್ತೆ. ಆ ಫರ್ಸಿಯವನು ಏನು ಮಾಡಿದ ಗೊತ್ತಾ, ಮೇವು ಹಾಕೋಕೆ ಮುಂಚೆ ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಹತ್ತು ದಪ್ಪ ಫರ್ಸಿ ಜೋಡಿಸಿಟ್ಟ. ಯಾಕೆ ಅಂದೆ. "ಹಗುರ ಗಾಡಿ ಎರಿ ಮಣ್ಣಾಗ ಕುಣಿತದ್ರಿ, ಗಾಲಿ ಹಿಡಿಯಂಗಿಲ್ಲ" ಅಂದ. ಟೈರ್, ಟಾರ್ಕ್ ಅಂತ ನಾನು ಗಿರಾಕಿಗೆ ಗಂಟೆಗಟ್ಟಲೆ ಹೇಳ್ತೀನಿ. ಈ ಮಾತು ನನಗೆ ಹೊಳೆದಿರಲಿಲ್ಲ.

ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗ ರಸ್ತೆ ಮೇಲೆ ಮೊಳಕಾಲುದ್ದ ನೀರು. ಹರಿಯುತ್ತಿರಲಿಲ್ಲ, ನಿಂತಿತ್ತು. ಹರಿಯೋ ನೀರಿಗೆ ಇಷ್ಟೇ ಇದ್ದರೂ ಗಾಡಿ ಇಳಿಸಬಾರದು, ಇದನ್ನ ನಾನು ಯಾರಿಗೆ ಬೇಕಾದರೂ ಕೈ ಮುಗಿದು ಹೇಳ್ತೀನಿ. ನಾಲ್ಕರಲ್ಲಿ ಮೂರು ಬಿಎಸ್-6 ಗಾಡಿ, ಅಂದರೆ ಹೊಸ ಹೊಗೆ ನಿಯಮದ, 2020ರ ನಂತರದವು. ಅವುಗಳ ಸೈಲೆನ್ಸರ್ ಸುತ್ತ ಸೆನ್ಸರ್, ವೈರಿಂಗ್, ಪಕ್ಕದಲ್ಲಿ ಹೊಗೆ ಶುದ್ಧ ಮಾಡೋಕೆ ಬೇಕಾದ ಯೂರಿಯಾ ದ್ರವದ ಟ್ಯಾಂಕ್. ಅಲ್ಲಿ ನೀರು ಹೋದರೆ ಗಾಡಿ ಅಲ್ಲೇ ನಿಲ್ಲುತ್ತೆ, ರಿಪೇರಿ ಖರ್ಚು ಆ ಡ್ರೈವರ್‌ನ ಮೂರು ತಿಂಗಳ ದುಡಿಮೆ. ಹುಡುಗರು ಹೋಗ್ತೀವಿ ಅಂದರು. ನಾನು ಬೇಡ ಅಂದೆ. ಆ ಮೂರರ ಮೇವು ಊರಿನ ಟ್ರ್ಯಾಕ್ಟರ್ ಟ್ರಾಲಿಗಳಿಗೆ ದಾಟಿಸಿದೆವು. ಫರ್ಸಿಯವನ ಹಳೇ ಗಾಡಿಯಲ್ಲಿ ಇದ್ಯಾವುದೂ ಇಲ್ಲ. ಅವನು ಮೊದಲ ಗೇರಲ್ಲಿ, ಆಕ್ಸಿಲರೇಟರ್ ಬಿಡದೆ, ನಿಧಾನಕ್ಕೆ ದಾಟಿಸಿದ. ನಾನು ಪಕ್ಕದಲ್ಲಿ ಕೂತಿದ್ದೆ.

ನೀರು ದಾಟಿತು, ಕೆಸರಲ್ಲಿ ಸಿಕ್ಕಿತು. ಶಾಲೆ ಕಾಣುತ್ತಿತ್ತು, ಗಾಲಿ ಅರ್ಧ ಒಳಗೆ. ಅರ್ಧ ಮೇವು ಇಳಿಸಿ, ಅಡಿಯಿಂದ ಫರ್ಸಿ ಹೊರಗೆಳೆದು, ಒಂದೊಂದೇ ಗಾಲಿ ಕೆಳಗೆ ತುರುಕಿದೆವು. ಒಂದು ಗಂಟೆ ಹಿಡಿಯಿತು. ಊರಿನ ಹುಡುಗರು ಇಪ್ಪತ್ತು ಜನ ಹಿಂದಿನಿಂದ ನೂಕಿದರು.

ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ನನ್ನ ಹೆಂಡತಿ ಮತ್ತು ಓಣಿಯ ಹೆಂಗಸರು ಕಟ್ಟಿ ಕೊಟ್ಟಿದ್ದರು, ಅದನ್ನ ಹಂಚಿದ್ದು ಬೇಗ ಮುಗಿಯಿತು. ಮೇವು ಹಂಚೋದೇ ಹೊತ್ತು ಹಿಡಿಯಿತು. ಒಬ್ಬ ಅಜ್ಜಿ ಪ್ರತಿ ಸಿವುಡನ್ನೂ ಮೂಗಿಗೆ ಹಿಡಿದು ನೋಡುತ್ತಿದ್ದಳು. ಒಂದಿಷ್ಟನ್ನ ಎತ್ತಿ ಆಚೆ ಒಗೆದಳು. "ಬೂಷ್ಟು ಹಿಡದಾದ, ಇದು ತಿಂದರ ಎತ್ತಿಗಿ ಬ್ಯಾನಿ ಬರ್ತದ, ನೋಡಿ ತರಬಾರದೇನು" ಅಂತ ನನಗೇ ಗದರಿದಳು. ಸರಿಯಾಗೇ ಹೇಳಿದಳು. ಮರುದಿನದ ಗಾಡಿಗೆ ನಾವೂ ಮೂಗಿಗೆ ಹಿಡಿದು ನೋಡಿಯೇ ಹೇರಿದೆವು.

ಸಂಜೆ ಆ ಗಿರಾಕಿ ನನ್ನನ್ನ ಹೊಲದ ಅಂಚಿಗೆ ಕರೆದುಕೊಂಡು ಹೋದ. ಹನ್ನೆರಡು ಎಕರೆ ತೊಗರಿ. ಬುಡದಲ್ಲಿ ನೀರು ನಿಂತರೆ ತೊಗರಿ ತಡೆಯೋದಿಲ್ಲ, ಬೇರು ಉಸಿರುಗಟ್ಟಿ ಗಿಡ ನಿಂತಲ್ಲೇ ಬಾಡುತ್ತೆ. ಎಲೆ ಹಳದಿ ತಿರುಗಿತ್ತು. ಕೆಲವು ವಾರ ಕಳೆದಿದ್ದರೆ ಹೂವು. ನಮ್ಮ ಧಂದೆಯೂ ಇದೇ ಬೆಳೆ ಮೇಲೆ ನಿಂತಿದೆ. ಡಿಸೆಂಬರ್‌ನಿಂದ ತೊಗರಿ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಬರುತ್ತೆ, ದಾಲ್ ಮಿಲ್ ಓಡುತ್ತೆ, ಗಾಡಿಗೆ ಬಾಡಿಗೆ ಸಿಗುತ್ತೆ, ಕಂತು ಬರುತ್ತೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಈ ಊರಿನದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಾಗ ಶೋರೂಮಲ್ಲಿ ಪೇಡೆ ಹಂಚಿದ್ದೆ. ಆ ಹೊಲದ ಮುಂದೆ ನಿಂತು ನನಗೆ ಮಾತೇ ಬರಲಿಲ್ಲ. ಅವನೇ ಹೇಳಿದ, "ಗಾಡಿ ಈ ವರ್ಷ ಬ್ಯಾಡ್ರಿ ಅಣ್ಣಾರ."

ಅವನ 50 ಸಾವಿರ ಮುಂಗಡ ಮಂಗಳವಾರ ವಾಪಸ್ ಹಾಕಿದೆ. ಆಯುಧಪೂಜೆಗೆ ಹನ್ನೊಂದರಲ್ಲಿ ಏಳು ಗಾಡಿ ಹೋದವು. ವಿಜಯದಶಮಿ ದಿನ ಫರ್ಸಿಯವನು ಬನ್ನಿ ಕೊಡೋಕೆ ಬಂದ. ಡೀಸೆಲ್ ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಗುರುವಾರದ ಆ ಫೋನ್ ಬಗ್ಗೆ ನಾನೇ ಮಾತು ತೆಗೆದು ಕ್ಷಮೆ ಕೇಳಿದೆ. ಅವನು "ಇರಲಿ ಬಿಡ್ರಿ" ಅಂದು ಚಹಾ ಕುಡಿದ.

ಅವನ ಕಂತಿಗೆ ಸಮಯ ಕೊಡಿ ಅಂತ ಫೈನಾನ್ಸ್‌ನವರಿಗೆ ಮೂರು ಸಲ ಪತ್ರ ಬರೆದೆ, ಒಂದು ಸಲ ಅವನನ್ನ ಕರೆದುಕೊಂಡು ನಾನೇ ಹೋಗಿ ಕೂತೆ. ಎರಡು ಕಂತು ಮುಂದಕ್ಕೆ ಹಾಕಿದ್ದಾರೆ. ಮೂರನೆಯದ್ದಕ್ಕೆ ಇನ್ನೂ ಓಡಾಡುತ್ತಿದ್ದೇನೆ.