ಕರಾವಳಿಯ ಕಾಂಕ್ರೀಟ್ ನೆಲಕ್ಕೆ ಆಸಿಡ್ ಸ್ಟೇನ್: ಹೊಸದಾಗಿ ಕೆಲಸ ಹಿಡಿಯುವವರಿಗೆ

ಮಂಗಳೂರು, ಉಡುಪಿ ಕಡೆ ಟೈಲ್ಸ್ ಬೇಡ, ಕಾಂಕ್ರೀಟ್ ನೆಲಕ್ಕೇ ಬಣ್ಣ ಕೊಡಿ ಎನ್ನುವವರ ಮನಸ್ಸಿನಲ್ಲಿ ಹೆಚ್ಚಾಗಿ ಇರುವುದು ಅಜ್ಜಿಮನೆಯ ರೆಡ್ ಆಕ್ಸೈಡ್ ಚಾವಡಿ. ಆಸಿಡ್ ಸ್ಟೇನ್‌ನಲ್ಲಿ, ಅಂದರೆ ಆಸಿಡ್ ಬೆರೆತ ದ್ರಾವಣ ಸಿಂಪಡಿಸಿ ಕಾಂಕ್ರೀಟಿಗೇ ಬಣ್ಣ ಹಿಡಿಸುವ ಕೆಲಸದಲ್ಲಿ, ಆ ಕೆಂಪು ಬರುವುದಿಲ್ಲ. ಸಿಗುವುದು ಕಂದು, ಜೇನುಬಣ್ಣ, ಕಪ್ಪು, ಹಸಿರು ಬೆರೆತ ನೀಲಿ. ಅದೂ ಒಂದೇ ಸಮನಾಗಿ ಅಲ್ಲ, ಅಲ್ಲಲ್ಲಿ ಗಾಢ, ಅಲ್ಲಲ್ಲಿ ತೆಳು. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಇದನ್ನು ಬಾಯಿಬಿಟ್ಟು ಹೇಳಿ. ಕೆಂಪೇ ಬೇಕೆಂದರೆ ಆಕ್ಸೈಡ್ ಬಲ್ಲ ಹಳೇ ಮೇಸ್ತ್ರಿಯನ್ನು ಕರೆಸುವುದೇ ಸರಿ.

ಬಣ್ಣ ಡಬ್ಬಿಯಲ್ಲಿ ಅರ್ಧ, ನೆಲದಲ್ಲಿ ಅರ್ಧ ಇರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಬೆರೆತ ನೀರಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್, ತಾಮ್ರದ ಲವಣಗಳು ಸಿಮೆಂಟಿನಲ್ಲಿ ಉಳಿದ ಸುಣ್ಣದ ಜೊತೆ ಸೇರಿದಾಗಲೇ ಬಣ್ಣ ಹುಟ್ಟುವುದು. ಸುಣ್ಣ ಕಡಿಮೆಯಾದರೆ ಬಣ್ಣವೂ ಪೇಲವ. ನಮ್ಮಲ್ಲಿ ಎಡವುವುದು ಇಲ್ಲೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿನಲ್ಲಿ ಹಾರುಬೂದಿ ಇರುತ್ತದೆ, ಅದು ಗಟ್ಟಿಯಾಗುತ್ತಾ ಆ ಸುಣ್ಣವನ್ನೇ ಬಳಸಿಕೊಳ್ಳುತ್ತದೆ. ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟಿನಲ್ಲೂ ಸುಣ್ಣ ಕಡಿಮೆಯೇ. ವಿದೇಶದ ವಿಡಿಯೋದಲ್ಲಿ ಕಂಡ ಗಾಢ ಕಂದು ನಮ್ಮ ನೆಲದಲ್ಲಿ ತೆಳು ಚಹಾ ಬಣ್ಣಕ್ಕೆ ನಿಂತರೆ ಸ್ಟೇನನ್ನು ದೂರಿ ಫಲವಿಲ್ಲ.

ಹಾಗಾಗಿ ನೆಲ ಹಾಕುವ ಮೊದಲೇ ಕೆಲಸ ಕೈಗೆ ಬಂದರೆ ಮೇಲಿನ ಪದರಕ್ಕೆ ಹಾರುಬೂದಿ ಬೆರೆಸದ ಸಾದಾ ಸಿಮೆಂಟ್, ಅಂದರೆ ಓಪಿಸಿ 43 ಅಥವಾ 53 ಗ್ರೇಡ್ ಹಾಕಿಸಿ. ಇಡೀ ನೆಲಕ್ಕೆ ಒಂದೇ ಬ್ರಾಂಡ್ ಸಿಮೆಂಟ್, ಒಂದೇ ಲೋಡ್ ಮರಳು. ಕೊನೆಗೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಮಿಂಚಿಸಲು ಬಿಡಬೇಡಿ; ರಂಧ್ರ ಮುಚ್ಚಿದ ನೆಲಕ್ಕೆ ಸ್ಟೇನ್ ಇಳಿಯುವುದಿಲ್ಲ. ಕ್ಯೂರಿಂಗ್‌ಗೆ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು) ಬೈಹುಲ್ಲು, ಗೋಣಿಚೀಲ ಹಾಸಿದರೆ ಅದರ ಗುರುತು ಸ್ಟೇನ್ ಹಾಕಿದ ಮೇಲೆ ಎದ್ದು ಕಾಣುತ್ತದೆ. ಬಾಗಿಲಲ್ಲಿ ಮಾತ್ರ ಕಟ್ಟೆ ಕಟ್ಟಿ ಇಡೀ ಕೋಣೆಗೆ ಸಮನಾಗಿ ನೀರು ನಿಲ್ಲಿಸಿ. ಕನಿಷ್ಠ 28 ದಿನ ಕಳೆಯದೆ ಸ್ಟೇನ್ ಮುಟ್ಟಬೇಡಿ.

ಹಳೇ ನೆಲವಾದರೆ ನಾಲ್ಕೈದು ಕಡೆ ನೀರಿನ ಹನಿ ಬಿಡಿ. ಹನಿ ಇಂಗದೆ ಮೇಲೆಯೇ ನಿಂತರೆ ಮೇಣವೋ ಎಣ್ಣೆಯೋ ಹಳೇ ಸೀಲರೋ (ನೆಲದ ಮೇಲೆ ಹಚ್ಚುವ ರಕ್ಷಣೆಯ ಪದರ) ಇದೆ ಎಂದರ್ಥ. ಅದನ್ನು ಗ್ರೈಂಡರ್‌ನಿಂದಲೋ ಹಳೇ ಪದರ ಕರಗಿಸುವ ಸ್ಟ್ರಿಪ್ಪರ್ ದ್ರವದಿಂದಲೋ ತೆಗೆಯಿರಿ. ಬಾತ್‌ರೂಮ್ ಆಸಿಡ್ ಸುರಿದು ತೊಳೆಯುವ ಚಾಳಿ ಬೇಡವೇ ಬೇಡ: ಸ್ಟೇನ್‌ಗೆ ಬೇಕಾದ ಸುಣ್ಣವನ್ನು ಅದು ಮೊದಲೇ ತಿಂದುಬಿಡುತ್ತದೆ.

ಇನ್ನು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಒಪ್ಪಿಕೊಳ್ಳಬೇಡಿ, ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಆಗಲೂ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. 500 ಚದರ ಅಡಿಗೆ ಒಂದು ಹಾಳೆ, ಅದಲ್ಲದೆ ಬಚ್ಚಲಿನ ಗೋಡೆ ಪಕ್ಕ ಇನ್ನೊಂದು. ಹಾಳೆಯಡಿ ಹನಿ ಕೂತರೆ, ನೆಲ ಕಪ್ಪಾದರೆ, ತೇವ ಕೆಳಗಿಂದ ಏರುತ್ತಿದೆ. ಅಂಥ ನೆಲದಲ್ಲಿ ತಾಮ್ರದ ಹಸಿರು-ನೀಲಿ ಕಪ್ಪುಗಟ್ಟುತ್ತದೆ, ಸೀಲರ್ ಬಿಳಿಚಿ ಏಳುತ್ತದೆ.

ಇಷ್ಟಾದ ಮೇಲೆ ಸ್ಟೋರ್ ರೂಮಿನಲ್ಲೋ ಕಪಾಟು ಬರುವ ಮೂಲೆಯಲ್ಲೋ ಎರಡಡಿ ಚೌಕದಲ್ಲಿ ಸ್ಟೇನ್‌ನಿಂದ ಸೀಲರ್‌ವರೆಗೆ ಪೂರ್ತಿ ಮಾಡಿ ತೋರಿಸಿ, ಮನೆಯವರ ಸಹಿ ಪಡೆಯಿರಿ. ಕ್ಯಾಟಲಾಗ್ ತೋರಿಸಿ ಬಣ್ಣ ಒಪ್ಪಿಸಿದರೆ ಕೊನೆಗೆ ಜಗಳವೇ ಗತಿ. ಈ ಮೂಲೆಯಲ್ಲೇ ಬಣ್ಣ ಏಳದಿದ್ದರೆ ನೀರಿನಲ್ಲಿ ಬೆರೆಸುವ ಅಕ್ರಿಲಿಕ್ ಸ್ಟೇನ್‌ಗೆ ಬದಲಾಯಿಸಿ. ಅದಕ್ಕೆ ಸುಣ್ಣದ ಹಂಗಿಲ್ಲ.

ಹಚ್ಚುವ ದಿನ ದಾರಂದ, ಅಲ್ಯೂಮಿನಿಯಂ ಕಿಟಕಿ, ಗ್ರಾನೈಟ್ ಮೆಟ್ಟಿಲುಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿ. ಸ್ಪ್ರೇಯರ್ ಪೂರ್ತಿ ಪ್ಲಾಸ್ಟಿಕ್‌ನದಾಗಿರಲಿ, ನಳಿಗೆಯಲ್ಲಿ ಹಿತ್ತಾಳೆ ಇದ್ದರೆ ಆಸಿಡ್ ಅದನ್ನು ತಿನ್ನುತ್ತದೆ. ರಬ್ಬರ್ ಗ್ಲೌಸ್, ಕನ್ನಡಕ, ಆಸಿಡ್ ಹೊಗೆ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಕಡ್ಡಾಯ. ಬಟ್ಟೆಯ ಮಾಸ್ಕ್ ಉಪಯೋಗಕ್ಕಿಲ್ಲ. ಸ್ಟೇನ್ ತೆಳು ಮಾಡುವುದಿದ್ದರೆ ನೀರಿಗೆ ಸ್ಟೇನ್ ಹಾಕಿ, ಸ್ಟೇನ್‌ಗೆ ನೀರಲ್ಲ; ಅದರಲ್ಲಿ ಆಸಿಡ್ ಇದೆ. ಲೀಟರಿಗೆ ಸುಮಾರು 50 ಚದರ ಅಡಿ ಹಿಡಿಯಿರಿ, 500 ಚದರ ಅಡಿಯ ಹಾಲ್‌ಗೆ ಒಂದು ಕೋಟ್‌ಗೆ 10 ಲೀಟರ್. ಒಳಮೂಲೆಯಿಂದ ಬಾಗಿಲ ಕಡೆಗೆ, ಅಂಚು ಒಣಗಲು ಬಿಡದೆ, ಸುತ್ತಿ ಸುತ್ತಿ ಸಿಂಪಡಿಸಿ. ನೆಲದಲ್ಲಿ ಸಣ್ಣಗೆ ನೊರೆ ಏಳಬೇಕು. ಒದ್ದೆ ಸ್ಟೇನ್ ಮೇಲೆ ಹೆಜ್ಜೆ ಇಟ್ಟರೆ ಆ ಗುರುತು ಹೋಗುವುದಿಲ್ಲ. ಡಬ್ಬಿಯ ಮೇಲೆ ಬೇರೆ ಹೇಳದಿದ್ದರೆ ನಾಲ್ಕೈದು ಗಂಟೆ ಬಿಡಿ.

ಒಣಗಿದಾಗ ನೆಲ ಮಂಕಾಗಿ, ಮೇಲೆ ಪುಡಿ ಕೂತು ಕೊಳಕಾಗಿ ಕಾಣುತ್ತದೆ. ಹೊಸಬರು ಗಾಬರಿಯಾಗಿ ಇನ್ನೊಂದು ಕೋಟ್ ಹೊಡೆಯುವುದು ಇಲ್ಲೇ. ಬೇಡ, ಒಂದು ಜಾಗ ಉಜ್ಜಿ ತೊಳೆದು ಒದ್ದೆಯಿರುವಾಗ ನೋಡಿ, ಸೀಲರ್ ಬಿದ್ದ ಮೇಲಿನ ಬಣ್ಣ ಹೆಚ್ಚುಕಡಿಮೆ ಅದೇ. ಆ ಪುಡಿ ಪೂರ್ತಿ ಹೋಗಬೇಕು. 20 ಲೀಟರ್ ನೀರಿಗೆ ಅರ್ಧ ಕಿಲೋ ಅಡುಗೆ ಸೋಡಾ ಕಲಸಿ ನೆಲಕ್ಕೆ ಹಾಕಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಣಗಿದ ನೆಲವನ್ನು ಬಿಳಿ ಬಟ್ಟೆಯಿಂದ ಒತ್ತಿ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ಮತ್ತೆ ತೊಳೆಯಬೇಕು. ಆರು ತಿಂಗಳಲ್ಲಿ ಸೀಲರ್ ಹಪ್ಪಳಿಕೆಯಾಗಿ ಎದ್ದರೆ ಹೆಚ್ಚಾಗಿ ಈ ಹಂತದ ಸೋಮಾರಿತನವೇ ಕಾರಣ. ತೊಳೆದ ನೀರಿನಲ್ಲಿ ಲೋಹದ ಲವಣ ಇರುತ್ತದೆ. ಅಂಗಳದಲ್ಲಿ ಬಾವಿ ಇರುವ ಊರು ನಮ್ಮದು, ತೋಟಕ್ಕೋ ಚರಂಡಿಗೋ ಬಿಡದೆ ವೆಟ್ ವ್ಯಾಕ್ಯೂಮ್‌ನಿಂದ (ನೀರು ಹೀರುವ ಯಂತ್ರ) ಎಳೆದು ಕ್ಯಾನ್‌ಗೆ ತುಂಬಿ.

ಸೀಲರ್ ಹಾಕುವ ಮೊದಲು ನೆಲ ಪೂರ್ತಿ ಆರಬೇಕು. ನಮ್ಮ ಸೆಕೆಯಲ್ಲಿ ಒಂದು ರಾತ್ರಿ ಸಾಲದು, ಫ್ಯಾನ್ ಹಾಕಿ ಎರಡು ದಿನ ಕಾಯಿರಿ. ಲೀಟರಿಗೆ 60-70 ಚದರ ಅಡಿಯಂತೆ ಅಕ್ರಿಲಿಕ್ ಸೀಲರ್ ಎರಡು ತೆಳು ಕೋಟ್, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಅಂತರ. ಒಂದೇ ದಪ್ಪ ಕೋಟ್ ಹಾಕಿದರೆ ಗುಳ್ಳೆ ಬರುತ್ತದೆ. ಬೆಳಗಿನ ಇಬ್ಬನಿ ಹೊತ್ತಿನಲ್ಲಿ ಹಾಕಿದರೆ ತೇವ ಸಿಕ್ಕಿ ಹಾಲುಬಿಳಿ ಮುಸುಕು ಕೂರುತ್ತದೆ, ಬಿಸಿಲೇರಿದ ಮೇಲೆ ಶುರು ಮಾಡಿ. ಕೀಲಿ ಕೊಡುವಾಗ ಮನೆಕೆಲಸ ಮಾಡುವವರನ್ನೂ ಕರೆದು ಹೇಳಿ: ಫಿನೈಲ್, ಆಸಿಡ್ ಯಾವುದೂ ಬೇಡ, ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪ್ ದ್ರವ ಸಾಕು, ಮೇಜು ಕುರ್ಚಿಗಳ ಕಾಲಿಗೆ ಫೆಲ್ಟ್ ಅಂಟಿಸಿ.